ಬಿಚ್ಚಲಾಗದ ಗಂಟು

ಮಕ್ಕಳು ಇನ್ನು ಸಾಕೆಂದು ಎಂದೆಂದಿಗೂ ಬಾಗಿಲು ಮುಚ್ಚಿಬಿಡುವುದು ಧರ್ಮಕ್ಕೆ ಒಪ್ಪಿತವೇ? ಗದಗ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಬಲ್ಲವರಿಗೆ ಬರವಿಲ್ಲ. ಗದುಗಿನಲ್ಲಿ ತೋಂಟದಾರ್ಯ ಮಠವಿದೆ, ಮುಂಡರಗಿಯಲ್ಲಿ ಅನ್ನದಾನೀಶ್ವರ ಮಠ. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರ ಗುಡಿ, ಶಂಖ ಬಸದಿ ಮತ್ತು ಆದಿಲಶಾಹಿ ಕಾಲದ ಜುಮ್ಮಾ ಮಸೀದಿ ಒಂದೇ ಊರಿನ ಗಾಳಿ ಕುಡಿಯುತ್ತವೆ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಬೆಟಗೇರಿಯಲ್ಲಿ ಬಾಸೆಲ್ ಮಿಶನ್ನಿನವರು ಕಟ್ಟಿದ ದವಾಖಾನೆಗೆ ಜನರ ಬಾಯಲ್ಲಿ ಇನ್ನೂ ಜರ್ಮನ್ ಆಸ್ಪತ್ರೆ ಎಂದೇ ಹೆಸರು.

ಹೆಂಗಸರು ಮಾತ್ರ ಯಾರ ಉತ್ತರಕ್ಕೂ ಕಾದು ಕೂರಲಿಲ್ಲ. 2019–20ರಲ್ಲಿ ಕರ್ನಾಟಕದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಶೇ. 57.4ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಅದೇ ಕೋಷ್ಟಕದಲ್ಲಿ ಗಂಡಸರ ಶಸ್ತ್ರಚಿಕಿತ್ಸೆಯ ಪಾಲು ಶೇ. 0.0. ದೇಶದ ಸರಾಸರಿ ಕ್ರಮವಾಗಿ 37.9 ಮತ್ತು 0.3. ಆಪರೇಶನ್ ಮಾಡಿಸಿಕೊಳ್ಳುವ ಮುನ್ನ ಸ್ವಾಮಿಗಳನ್ನೋ ಮೌಲ್ವಿಗಳನ್ನೋ ಕೇಳಿ ಬಂದವರು ಇದ್ದರೂ ಬೆರಳೆಣಿಕೆಯವರು. ಅತ್ತೆಯ ಮಾತು, ತವರಿನವರ ಅನುಕೂಲ, ಬಾಣಂತನದ ಹೊತ್ತು ಇವೇ ಮುಹೂರ್ತ ಗೊತ್ತುಮಾಡುತ್ತವೆ. 'ಎರಡಾದುವಲ್ಲ, ಇಲ್ಲೇ ಮಾಡಿಸಿಕೊಂಡು ಹೋಗಿಬಿಡು' ಅನ್ನುವಲ್ಲಿಗೆ ಚರ್ಚೆ ಮುಗಿಯುತ್ತದೆ.

ಹಾಗಾಗಿ ಇದು ಪಾಪವೇ ಪುಣ್ಯವೇ ಎಂಬ ವ್ಯಾಜ್ಯವನ್ನು ಹೆಣ್ಣುಮಕ್ಕಳು ತಮ್ಮ ಮಟ್ಟಿಗೆ ಇತ್ಯರ್ಥ ಮಾಡಿಕೊಂಡಾಗಿದೆ. ಧರ್ಮದವರೂ ವೈದ್ಯರೂ ಸರಿಯಾಗಿ ಕೈಗೆತ್ತಿಕೊಳ್ಳದ ಪ್ರಶ್ನೆ ಬೇರೆಯೇ ಇದೆ. ಒಮ್ಮೆ ಮಾಡಿದರೆ ಹಿಂದಿರುಗಲಾಗದಂಥ ಕೆಲಸವನ್ನು ಯಾರ ಮೈಮೇಲೆ, ಯಾರ ಮಾತು ನಂಬಿ, ಎಷ್ಟು ಸಲ ಕೇಳಿ ಮಾಡಬೇಕು?

ಮೊದಲ ಪ್ರಶ್ನೆಗೆ ಧರ್ಮಗಳು ಕೊಟ್ಟ ಉತ್ತರಗಳು ಒಂದೇ ಬಗೆಯವಲ್ಲ. ಗರ್ಭ ನಿಲ್ಲದಂತೆ ದಂಪತಿಗಳು ಎಚ್ಚರ ವಹಿಸುವುದನ್ನು ಇಮಾಮ್ ಗಜ್ಜಾಲಿ ಒಂಬತ್ತು ಶತಮಾನಗಳ ಹಿಂದೆಯೇ ಸಮರ್ಥಿಸಿದ್ದರು. ಹೆಂಡತಿಯ ಆರೋಗ್ಯ, ರೂಪ, ಸಂಸಾರದ ಹೊರೆ ಎಲ್ಲವೂ ಅವರಿಗೆ ಒಪ್ಪತಕ್ಕ ಕಾರಣಗಳೇ ಆಗಿದ್ದವು. ಆದರೆ 1988ರ ಡಿಸೆಂಬರಿನಲ್ಲಿ ಕುವೈತ್‌ನಲ್ಲಿ ಸಭೆ ಸೇರಿದ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ಒಂದು ಗೆರೆ ಎಳೆಯಿತು. ಇಬ್ಬರೂ ಒಪ್ಪಿ ತಾತ್ಕಾಲಿಕವಾಗಿ ತಡೆದರೆ ಅಡ್ಡಿಯಿಲ್ಲ, ಹೆರುವ ಹುಟ್ಟಿಸುವ ಶಕ್ತಿಯನ್ನೇ ತೆಗೆದುಹಾಕುವುದು ಅನಿವಾರ್ಯ ಕಾರಣವಿಲ್ಲದೆ ಗಂಡಿಗೂ ಸಲ್ಲದು, ಹೆಣ್ಣಿಗೂ ಸಲ್ಲದು. ರೋಮಿನ ಪೋಪ್ ಆರನೆಯ ಪೌಲ್ 1968ರಲ್ಲಿ ಹೊರಡಿಸಿದ ಪತ್ರ ಇನ್ನೂ ಬಿಗಿ. ಅದು ತಾತ್ಕಾಲಿಕ ಸಾಧನಗಳನ್ನೂ ಒಪ್ಪಲಿಲ್ಲ. ಬೆಟಗೇರಿಗೆ ಬಂದ ಮಿಶನರಿಗಳ ಪ್ರಾಟೆಸ್ಟಂಟ್ ಲೋಕ ಅಷ್ಟು ಕಟ್ಟುನಿಟ್ಟಿನದಲ್ಲ. ಅದರದೇ ಒಂದು ಕವಲಾದ ಆಂಗ್ಲಿಕನ್ ಚರ್ಚಿನ ಬಿಷಪ್ಪರು 1930ರಲ್ಲೇ ಬಾಗಿಲನ್ನು ಅರ್ಧ ತೆರೆದಿದ್ದರು. ಹಿಂದೂ ಸಂಪ್ರದಾಯದಲ್ಲಿ ಎಲ್ಲರ ಪರವಾಗಿ ತೀರ್ಪು ಕೊಡುವ ಪೀಠವೇ ಇಲ್ಲ. ಪಿತೃಋಣ ತೀರಿಸಲು ಮಗ ಬೇಕು ಅನ್ನುವ ಶಾಸ್ತ್ರ, ಆ ಮಗ ಹುಟ್ಟಿದ ಮೇಲೆ ಸಾಕು ಅನ್ನುವುದಕ್ಕೆ ಅಡ್ಡ ಬರುವುದಿಲ್ಲ. ಗಂಡುಮಗು ಆಗುವ ತನಕ ಆಪರೇಶನ್ ಮುಂದೆ ಹಾಕುವ ಮನೆಗಳು ಈ ಶಾಸ್ತ್ರವನ್ನು ಓದದೆಯೇ ಪಾಲಿಸುತ್ತಿವೆ.

ಈ ನೆಲದ ಶರಣರ ನಿಲುವು ಇನ್ನೊಂದು ಬಗೆಯಲ್ಲಿ ಕೆಲಸಕ್ಕೆ ಬರುತ್ತದೆ. ಸಂತಾನ ತಡೆಯುವ ಬಗ್ಗೆ ಅವರು ಏನನ್ನೂ ಹೇಳಿದವರಲ್ಲ, ಹೇಳಿದರೆಂದು ಎಳೆದು ತರುವುದೂ ಬೇಡ. ಆದರೆ ಹೆರಿಗೆಯ ಮೈಲಿಗೆ, ಮುಟ್ಟಿನ ಮೈಲಿಗೆ ಸೇರಿದಂತೆ ಪಂಚಸೂತಕಗಳನ್ನು ಅವರು ತಳ್ಳಿಹಾಕಿದರು. ಇಷ್ಟಲಿಂಗವನ್ನು ಹೆಣ್ಣಿನ ಕೈಗೂ ಕೊಟ್ಟರು. ಹೆಣ್ಣಿನ ಮೈ ತಿಂಗಳಲ್ಲಿ ಇಷ್ಟು ದಿನ ದೇವರಿಗೆ ದೂರ ಅನ್ನುವ ಲೆಕ್ಕಾಚಾರವನ್ನು ಅಳಿಸಿದ ಮೇಲೆ, ಆ ಮೈಯ ಬಗ್ಗೆ ಮಾತಾಡುವ ಮೊದಲ ಹಕ್ಕು ಅದರೊಳಗೆ ಇರುವವಳದೇ ಆಗಬೇಕಲ್ಲವೇ? ಲಕ್ಕುಂಡಿಯ ಶರಣೆ ಮುಕ್ತಾಯಕ್ಕನ ನೆಲದಲ್ಲಿ ಈ ಮಾತು ವಿಚಿತ್ರವೆನಿಸಬಾರದು.

ಚರಿತ್ರೆ ಹಾಗೆ ಸಾಗಲಿಲ್ಲ. ಸ್ವಾತಂತ್ರ್ಯಕ್ಕೆ ಮುಂಚೆ ಗದಗ ಮುಂಬಯಿ ಪ್ರಾಂತದಲ್ಲಿತ್ತು. ಅತ್ತ ಮುಂಬಯಿಯಲ್ಲಿ ರಘುನಾಥ ಧೋಂಡೋ ಕರ್ವೆ 1921ರಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆದರು. ಅಶ್ಲೀಲದ ಮೊಕದ್ದಮೆಗಳನ್ನೂ ಎದುರಿಸಿದರು, ಅವರ ಪರವಾಗಿ ನ್ಯಾಯಾಲಯದಲ್ಲಿ ವಾದಿಸಿದವರು ಅಂಬೇಡ್ಕರ್. ಇತ್ತ ಮೈಸೂರು ಸಂಸ್ಥಾನ 1930ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲೇ ಇಂಥ ಚಿಕಿತ್ಸಾಲಯಗಳಿಗೆ ಆದೇಶ ಹೊರಡಿಸಿತು. 1935ರ ಡಿಸೆಂಬರಿನಲ್ಲಿ ವಾರ್ಧಾಕ್ಕೆ ಬಂದ ಅಮೆರಿಕದ ಸಂತಾನ ನಿಯಂತ್ರಣ ಹೋರಾಟಗಾರ್ತಿ ಮಾರ್ಗರೆಟ್ ಸ್ಯಾಂಗರ್ ಗಾಂಧೀಜಿಯೊಡನೆ ವಾದಿಸಿದರು. ಗಾಂಧಿ ಸಾಧನಗಳನ್ನು ಒಪ್ಪಲಿಲ್ಲ. ಗಂಡಸು ಸಂಯಮ ಕಲಿಯಲಿ, ಹೆಂಡತಿ ಗಂಡನಿಗೆ ಬೇಡ ಅನ್ನುವುದನ್ನು ಕಲಿಯಲಿ ಎಂದರು. ಸ್ಯಾಂಗರ್ ಹೇಳಿದ್ದು ಹೆಣ್ಣಿನ ಕೈಗೇ ಉಪಾಯ ಸಿಗಲಿ ಎಂದು. ಗಾಂಧಿಯ ನೆರಳು ಆಮೇಲೂ ಉಳಿಯಿತು: ಅವರ ಅನುಯಾಯಿ, ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ನಮ್ಮ ರಾಮನಗರದಲ್ಲಿ 'ಸುರಕ್ಷಿತ ದಿನ'ಗಳ ಪ್ರಯೋಗ ನಡೆಯಿತು. ದಿನ ಎಣಿಸಲು ಹೆಂಗಸರಿಗೆ ಬಣ್ಣಬಣ್ಣದ ಮಣಿಗಳ ಸರ ಕೊಟ್ಟಿದ್ದರು. ಫಲ ಸಿಗಲಿಲ್ಲ.

ಕೊನೆಗೆ ಸರ್ಕಾರ ಹಿಡಿದ ದಾರಿಯಲ್ಲಿ ಗಾಂಧಿ ಕೇಳಿದ ಗಂಡಿನ ಸಂಯಮವೂ ಇಲ್ಲ, ಸ್ಯಾಂಗರ್ ಕೇಳಿದ ಹೆಣ್ಣಿನ ಹತೋಟಿಯೂ ಇಲ್ಲ. ತುರ್ತು ಪರಿಸ್ಥಿತಿಯ 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 82 ಲಕ್ಷ ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು, ಅದರಲ್ಲಿ ಸುಮಾರು 62 ಲಕ್ಷ ಗಂಡಸರದು. ಬಲವಂತದ ನಸಬಂದಿಯ ಸಿಟ್ಟು 1977ರ ಚುನಾವಣೆಯಲ್ಲಿ ಸರ್ಕಾರವನ್ನೇ ಉರುಳಿಸುವುದಕ್ಕೆ ಕೈ ಜೋಡಿಸಿತು. ಅದಾದ ಮೇಲೆ ಬಂದ ಯಾವ ಪಕ್ಷವೂ ಗಂಡಸರ ತಂಟೆಗೆ ಹೋಗಲಿಲ್ಲ. ಗುರಿ ಹಾಗೇ ಉಳಿಯಿತು, ಮೇಜಿನ ಮೇಲೆ ಮಲಗುವವರು ಬದಲಾದರು. ಹೆಂಗಸರ ಸಿಟ್ಟಿಗೆ ಬೀಳುವ ಸರ್ಕಾರಗಳು ಇಲ್ಲವೆಂಬ ಲೆಕ್ಕಾಚಾರ ಇದರ ಹಿಂದೆ ಇರಲಿಲ್ಲವೆಂದು ನಂಬುವುದು ಕಷ್ಟ.

ಕತ್ತರಿಸದೆ, ಹೊಲಿಗೆ ಹಾಕದೆ, ಮಧ್ಯಾಹ್ನದೊಳಗೆ ಮನೆಗೆ ಕಳಿಸುವಂಥ ಶಾಶ್ವತ ಉಪಾಯವೊಂದು ಬೇಕೆಂಬ ಆಸೆ ವೈದ್ಯಲೋಕಕ್ಕೆ ಹಳೆಯದು. ಮಲೇರಿಯಾ ಔಷಧ ಕ್ವಿನಾಕ್ರಿನ್‌ನ ಗುಳಿಗೆಗಳನ್ನು ಗರ್ಭಕೋಶದೊಳಗೆ ಇಟ್ಟರೆ ನಾಳದ ಬಾಯಿ ಸುಟ್ಟು ಗಾಯಕಟ್ಟಿ ಮುಚ್ಚಿಕೊಳ್ಳುತ್ತದೆ ಅನ್ನುವುದು ಅಂಥ ಒಂದು ಉಪಾಯ. ವಿಯೆಟ್ನಾಮಿನ 31,781 ಹೆಂಗಸರ ಮೇಲೆ ಇದನ್ನು ಬಳಸಿದ ವರದಿ 1993ರಲ್ಲಿ ಪ್ರಕಟವಾಯಿತು. ಗುಳಿಗೆಯ ವಿಷಗುಣದ ಪರೀಕ್ಷೆಗಳೇ ಮುಗಿದಿಲ್ಲ, ಬಳಕೆ ನಿಲ್ಲಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಮರುವರ್ಷವೇ ಹೇಳಿತು. ಅಷ್ಟರಲ್ಲಿ ಗುಳಿಗೆ ಭಾರತದ ಬಡ ಹೆಂಗಸರ ಮೈ ಸೇರಿಯಾಗಿತ್ತು. ಮಹಿಳಾ ಸಂಘಟನೆಯೂ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಅಧ್ಯಾಪಕರೂ ಸುಪ್ರೀಂ ಕೋರ್ಟಿಗೆ ಹೋದ ಮೇಲೆ, 1998ರಲ್ಲಿ ಅದಕ್ಕೆ ನಿಷೇಧ ಬಂತು.

ಎರಡನೆಯದು ಎಶ್ಯೂರ್. ನಿಕಲ್-ಟೈಟಾನಿಯಂ ಮಿಶ್ರಲೋಹದ ಸಣ್ಣ ಸುರುಳಿ, ಒಳಗೆ ಪಾಲಿಯೆಸ್ಟರ್ ಎಳೆಗಳು. ಯೋನಿಮಾರ್ಗದಿಂದಲೇ ಒಯ್ದು ಎರಡೂ ನಾಳಗಳಲ್ಲಿ ಕೂರಿಸುತ್ತಿದ್ದರು. ಎಳೆಗಳು ಕೆರಳಿಸಿದ ಅಂಗಾಂಶ ಬೆಳೆದು ಸುಮಾರು ಮೂರು ತಿಂಗಳಲ್ಲಿ ದಾರಿ ಮುಚ್ಚಬೇಕು, ಮುಚ್ಚಿದ್ದನ್ನು ಎಕ್ಸ್‌ರೇ ತೆಗೆದು ಖಚಿತಪಡಿಸಿಕೊಳ್ಳಬೇಕು, ಅಲ್ಲಿಯವರೆಗೆ ಬೇರೆ ಸಾಧನ ಬಳಸಬೇಕು. ಅಮೆರಿಕದ ಔಷಧ ನಿಯಂತ್ರಕರು 2002ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಾಗ ಕೈಯಲ್ಲಿದ್ದದ್ದು ಕೆಲವು ನೂರು ಹೆಂಗಸರ, ಒಂದೆರಡು ವರ್ಷಗಳ ಅನುಭವ. ಮುಂದೆ ಜಗತ್ತಿನಾದ್ಯಂತ ಸುಮಾರು 7.5 ಲಕ್ಷ ಸಾಧನಗಳು ಮಾರಾಟವಾದವು. ಕಿಬ್ಬೊಟ್ಟೆ ನೋವು, ನಿಲ್ಲದ ರಕ್ತಸ್ರಾವ, ನಾಳ ತೂತಾಗಿ ಸುರುಳಿ ಹೊಟ್ಟೆಯೊಳಗೆ ಸರಿದುಹೋದದ್ದು, ನಿಕಲ್‌ಗೆ ಅಲರ್ಜಿ: ಹೀಗೆ ದೂರುಗಳ ಸಾಲು ಬೆಳೆಯಿತು. ತೆಗೆಸಬೇಕೆಂದರೆ ಮತ್ತೆ ಶಸ್ತ್ರಚಿಕಿತ್ಸೆ, ಕೆಲವರಿಗೆ ಗರ್ಭಕೋಶವನ್ನೇ ತೆಗೆಸಬೇಕಾಯಿತು. 2016ರಲ್ಲಿ ಪೊಟ್ಟಣದ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಬಂತು. 2018ರ ಕೊನೆಗೆ ಅದನ್ನು ತಯಾರಿಸುತ್ತಿದ್ದ ಬಾಯರ್ ಕಂಪನಿ ಅಮೆರಿಕದಲ್ಲಿ ಮಾರಾಟ ನಿಲ್ಲಿಸಿತು. 2020ರಲ್ಲಿ ಸುಮಾರು 39,000 ದಾವೆಗಳಲ್ಲಿ ಬಹುಪಾಲನ್ನು ತೀರಿಸಿಕೊಳ್ಳಲು 160 ಕೋಟಿ ಡಾಲರ್ ಕೊಡುವುದಾಗಿ ಒಪ್ಪಿತು, ತಪ್ಪನ್ನು ಮಾತ್ರ ಒಪ್ಪಿಕೊಳ್ಳದೆ.

ಗಮನಿಸಬೇಕಾದ ಸಂಗತಿ ಇಲ್ಲಿದೆ. ಬ್ರಿಟಿಷ್ ಮೆಡಿಕಲ್ ಜರ್ನಲ್ 2015ರಲ್ಲಿ ಪ್ರಕಟಿಸಿದ ನ್ಯೂಯಾರ್ಕ್ ರಾಜ್ಯದ ಅಧ್ಯಯನದಲ್ಲಿ ಎಶ್ಯೂರ್ ಹಾಕಿಸಿಕೊಂಡ 8,048 ಹೆಂಗಸರನ್ನು, ಲ್ಯಾಪ್ರೊಸ್ಕೋಪಿಯಲ್ಲಿ ನಾಳ ಮುಚ್ಚಿಸಿಕೊಂಡ 44,278 ಮಂದಿಯೊಂದಿಗೆ ಹೋಲಿಸಿದ್ದರು. ಬೇಡದ ಗರ್ಭ ನಿಂತದ್ದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆದರೆ ವರ್ಷದೊಳಗೆ ಮತ್ತೆ ಶಸ್ತ್ರಚಿಕಿತ್ಸೆಗೆ ಬಂದವರು ಎಶ್ಯೂರ್‌ನಲ್ಲಿ ಶೇ. 2.4, ಲ್ಯಾಪ್ರೊಸ್ಕೋಪಿಯಲ್ಲಿ ಶೇ. 0.2. ಮಗು ಆಗಲಿಲ್ಲವೆಂಬುದೊಂದನ್ನೇ ನೋಡಿದರೆ ಸಾಧನ ಪಾಸು, ಮೈಯ ಸ್ಥಿತಿ ಏನಾಯಿತೆಂದು ಕೇಳಿದರೆ ಕತೆಯೇ ಬೇರೆ.

ಭಾರತೀಯ ದರ್ಶನಗಳಲ್ಲಿ ಪ್ರಮಾಣಗಳ ಚರ್ಚೆ ಸಾವಿರಾರು ವರ್ಷಗಳದು. ನೇರ ಅನುಭವ ದೊಡ್ಡದೋ, ಊಹೆ ದೊಡ್ಡದೋ, ನಂಬತಕ್ಕವರ ಮಾತು ದೊಡ್ಡದೋ ಎಂದು ನೈಯಾಯಿಕರೂ ಬೌದ್ಧರೂ ಜೈನರೂ ಹೊಡೆದಾಡಿಕೊಂಡಿದ್ದಾರೆ. ದವಾಖಾನೆಯ ಹೊರರೋಗಿ ವಿಭಾಗದಲ್ಲಿ ಆ ಚರ್ಚೆ ಒಂದೇ ವಾಕ್ಯಕ್ಕೆ ಇಳಿಯುತ್ತದೆ: 'ಏನೂ ಆಗಿಲ್ಲಮ್ಮ, ಮನಸ್ಸಿಗೆ ಹಚ್ಕೋಬ್ಯಾಡ.' ಕಾಗದದ ಮೇಲಿನ ಸರಾಸರಿ ಪ್ರತ್ಯಕ್ಷವಾಗುತ್ತದೆ, ಹೊಟ್ಟೆನೋವಿನ ಹೆಂಗಸು ಅನುಮಾನವಾಗುತ್ತಾಳೆ. ಎಶ್ಯೂರ್ ವಿಷಯದಲ್ಲಿ ಹೆಂಗಸರು ಹೇಳುತ್ತ ಬಂದದ್ದನ್ನು ನಂಬಲು ವ್ಯವಸ್ಥೆಗೆ ಹದಿನೈದು ವರ್ಷ ಬೇಕಾಯಿತು. ಹೆಂಗಸರು ಹೇಳಿದ್ದೆಲ್ಲವೂ ಆ ಸುರುಳಿಯಿಂದಲೇ ಆಯಿತೆಂದೇನಲ್ಲ. ಆದರೆ ಕೇಳಿಸಿಕೊಳ್ಳದೆ ಬೇರ್ಪಡಿಸುವ ಬಗೆ ಯಾವುದು?

ಗದಗ ಜಿಲ್ಲೆಯಲ್ಲಿ ನಡೆಯುವುದು ಸುರುಳಿಯಲ್ಲ, ಹಳೆಯ ಆಪರೇಶನ್ನೇ. ಹೆರಿಗೆಯಾದ ಏಳು ದಿನದೊಳಗೆ ಹೊಕ್ಕುಳ ಬಳಿ ಸಣ್ಣದಾಗಿ ಕೊಯ್ದು ನಾಳವನ್ನು ಕಟ್ಟಿ ಕತ್ತರಿಸುವುದು ಒಂದು ಬಗೆ, ಲ್ಯಾಪ್ರೊಸ್ಕೋಪಿಯಲ್ಲಿ ನಾಳಕ್ಕೆ ಸಿಲಿಕೋನ್ ಉಂಗುರ ತೊಡಿಸುವುದು ಇನ್ನೊಂದು. ಎರಡೂ ಚೆನ್ನಾಗಿ ಪರೀಕ್ಷೆಗೊಳಗಾದ ವಿಧಾನಗಳು. ಆದರೂ ನೂರಕ್ಕೆ ನೂರು ಅಲ್ಲ. ಅಮೆರಿಕದಲ್ಲಿ 10,685 ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹತ್ತು ವರ್ಷಗಳಲ್ಲಿ ಸಾವಿರಕ್ಕೆ 18.5 ಮಂದಿಗೆ ಗರ್ಭ ನಿಂತಿತು. ಹೆರಿಗೆಯ ಬೆನ್ನಿಗೇ ನಾಳ ಕತ್ತರಿಸಿದವರಲ್ಲಿ ಈ ಸಂಖ್ಯೆ 7.5, ಉಂಗುರದಲ್ಲಿ 17.7. ಎಳೆಯ ವಯಸ್ಸಿನಲ್ಲಿ ಮಾಡಿಸಿಕೊಂಡವರಿಗೆ ಸೋಲುವ ಸಾಧ್ಯತೆ ಹೆಚ್ಚು, ನಿಂತ ಗರ್ಭ ನಾಳದಲ್ಲೇ ಬೆಳೆಯುವ ಅಪಾಯವೂ ಉಂಟು. ಆದ್ದರಿಂದ ಆಪರೇಶನ್ ಆದವಳಿಗೆ ಮುಟ್ಟು ತಪ್ಪಿ ಹೊಟ್ಟೆ ನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅದೇ ಅಧ್ಯಯನ ಪಶ್ಚಾತ್ತಾಪವನ್ನೂ ಅಳೆದಿತ್ತು: 30 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನಲ್ಲಿ ಮಾಡಿಸಿಕೊಂಡವರಲ್ಲಿ ಹದಿನಾಲ್ಕು ವರ್ಷದೊಳಗೆ ಶೇ. 20.3ರಷ್ಟು ಮಂದಿ ಮಾಡಿಸಬಾರದಿತ್ತು ಅಂದರು, ಮೂವತ್ತು ದಾಟಿದವರಲ್ಲಿ ಶೇ. 5.9. ನಮ್ಮಲ್ಲಿ ಹೆಚ್ಚಿನವರು ಮಾಡಿಸಿಕೊಳ್ಳುವುದು ಇಪ್ಪತ್ತರ ಹರೆಯದಲ್ಲೇ.

ವಿಧಾನ ಒಳ್ಳೆಯದಿದ್ದರೂ ಸಾಲಿನಲ್ಲಿ ಮಲಗಿಸಿದರೆ ಏನಾಗುತ್ತದೆಂಬುದಕ್ಕೆ ಉದಾಹರಣೆ ದೂರದ್ದಲ್ಲ. 2014ರ ನವೆಂಬರಿನಲ್ಲಿ ಛತ್ತೀಸ್‌ಗಡದ ಬಿಲಾಸ್‌ಪುರದ ಬಳಿ ಒಂದೇ ಶಿಬಿರದಲ್ಲಿ ಕೆಲವೇ ತಾಸುಗಳಲ್ಲಿ 83 ಹೆಂಗಸರಿಗೆ ಆಪರೇಶನ್ ಮಾಡಿದರು, ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಅದಕ್ಕೂ ಮುಂಚೆ 2012ರಲ್ಲಿ ಬಿಹಾರದ ಅರರಿಯಾ ಜಿಲ್ಲೆಯಲ್ಲಿ ಶಾಲೆಯೊಂದರಲ್ಲಿ ರಾತ್ರಿ ಹೊತ್ತು 53 ಮಂದಿಗೆ ಮಾಡಿದ್ದರು. ಆರೋಗ್ಯ ಹಕ್ಕುಗಳ ಕಾರ್ಯಕರ್ತೆ ದೇವಿಕಾ ಬಿಸ್ವಾಸ್ ಅದರ ಬಗ್ಗೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರ್ 14ರಂದು ಮೂರು ವರ್ಷದೊಳಗೆ ಶಿಬಿರಗಳನ್ನೇ ನಿಲ್ಲಿಸಿ ಎಂದಿತು. 2010ರಿಂದ 2013ರ ನಡುವೆ ದೇಶದಲ್ಲಿ ಈ ಶಸ್ತ್ರಚಿಕಿತ್ಸೆಯಿಂದ 363 ಸಾವುಗಳಾಗಿದ್ದವು.

ಆಪರೇಶನ್ ಸೋತಾಗ ಹುಟ್ಟಿದ ಮಗುವಿನ ಪ್ರಶ್ನೆ ಇನ್ನೂ ಸೂಕ್ಷ್ಮ. ಹರಿಯಾಣದ ಕೂಲಿ ಹೆಂಗಸೊಬ್ಬಳಿಗೆ ಆಪರೇಶನ್ ಆದ ಮೇಲೂ ಹೆಣ್ಣುಮಗು ಹುಟ್ಟಿತು. ಅದರ ಪಾಲನೆಯ ಖರ್ಚನ್ನು ಸರ್ಕಾರ ಭರಿಸಬೇಕೆಂದು 2000ದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 2005ರ ಇನ್ನೊಂದು ತೀರ್ಪು ಹಿಂದೆ ಸರಿಯಿತು: ನಿಸರ್ಗವೂ ನಾಳವನ್ನು ಮತ್ತೆ ಜೋಡಿಸಬಲ್ಲದು, ಗರ್ಭ ನಿಂತ ಮಾತ್ರಕ್ಕೆ ವೈದ್ಯರ ನಿರ್ಲಕ್ಷ್ಯವೆನ್ನಲಾಗದು. ದೇವರು ಕೊಟ್ಟದ್ದನ್ನು ನಷ್ಟವೆಂದು ಹೇಗೆ ಬರೆದುಕೊಳ್ಳುವುದು ಎಂದು ಭಕ್ತರಿಗೆ ಕಸಿವಿಸಿಯಾಗಬಹುದು. ಆದರೆ 2000ದಲ್ಲಿ ಕೋರ್ಟು ಬೆಲೆ ಕಟ್ಟಿದ್ದು ಮಗುವಿಗಲ್ಲ, ವೈದ್ಯರ ನಿರ್ಲಕ್ಷ್ಯಕ್ಕೆ. ಈ ಎರಡನ್ನೂ ಬೇರೆಬೇರೆಯಾಗಿ ಹಿಡಿದುಕೊಳ್ಳುವುದು ಧರ್ಮಚಿಂತಕರಿಗೆ ಕಷ್ಟವಾಗಬಾರದು.

ಧರ್ಮಗಳು ಈ ವಿಷಯದಲ್ಲಿ ಆಸ್ಪತ್ರೆಗೆ ನಿಜಕ್ಕೂ ಕಲಿಸಬಹುದಾದದ್ದೇನಾದರೂ ಇದ್ದರೆ ಅದು ಹಿಂದಿರುಗಲಾಗದ ನಿರ್ಧಾರಗಳ ಶಿಸ್ತು. ಜೈನರಲ್ಲಿ ಉಪವಾಸದಿಂದ ದೇಹ ಬಿಡುವ ಸಲ್ಲೇಖನ ಹಿಡಿಯಬೇಕೆಂದರೆ ಗುರುವಿನ ಅಪ್ಪಣೆ ಬೇಕು. ಕೇಳಿದ ಕೂಡಲೇ ಸಿಗುವುದಲ್ಲ. ಸನ್ಯಾಸಕ್ಕೆ ಹೊರಟ ಶಂಕರರನ್ನೂ ಕತೆ ತಾಯಿಯ ಒಪ್ಪಿಗೆಗಾಗಿ ಕಾಯಿಸುತ್ತದೆ. ಕುರ್‌ಆನ್ ಹೇಳುವ ತಲಾಖ್‌ನಲ್ಲಿ ಮೂರು ಮುಟ್ಟಿನಷ್ಟು ಕಾಲ ಕಾಯುವ ಇದ್ದತ್ ಇದೆ. ಕೋಪ ಇಳಿಯಲು, ಮನಸ್ಸು ತಿರುಗಲು ಅಷ್ಟು ಅವಕಾಶ. ಒಂದೇ ಉಸಿರಿನಲ್ಲಿ ಮೂರು ಸಲ ಹೇಳಿ ಮುಗಿಸುವುದನ್ನು 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಮರಳಿ ಬರಲಾಗದ ದಾರಿಗೆ ಕಾಲಿಡುವವರನ್ನು ಕೇಳು, ಕಾಯಿಸು, ಮತ್ತೆ ಕೇಳು ಅನ್ನುವುದು ಇವೆಲ್ಲದರ ಹಿಂದಿನ ತಿಳಿವಳಿಕೆ. ಶಾಶ್ವತ ಆಪರೇಶನ್ ಮಾತ್ರ ಹೆರಿಗೆ ಕೋಣೆಯಲ್ಲಿ, ರಾತ್ರಿಯಿಡೀ ನಿದ್ದೆಯಿಲ್ಲದವಳ ಹೆಬ್ಬೆಟ್ಟಿನಿಂದ ಇತ್ಯರ್ಥವಾಗಿಬಿಡಬಹುದು.

ಮಠದ ಶ್ರಾವಣ ಪ್ರವಚನಗಳಲ್ಲಿ, ಜಾತ್ರೆಯ ವೇದಿಕೆಗಳಲ್ಲಿ ಈ ಮಾತು ಬರುವುದಿಲ್ಲ. ಬಂದರೆ ಬರುವುದು ತಮ್ಮ ಸಮುದಾಯದ ಸಂಖ್ಯೆ ಕುಗ್ಗುತ್ತಿದೆ ಎಂಬ ಆತಂಕ. 2019–20ರ ಅದೇ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ 1.7 ಮಕ್ಕಳು, ಜನಸಂಖ್ಯೆ ಹಾಗೇ ನಿಲ್ಲಲು ಬೇಕಾದ 2.1ಕ್ಕಿಂತ ಕಡಿಮೆ. ಅಂಕಿ ನಿಜ. ಆದರೆ ಹೆಣ್ಣಿನ ಮೈಯನ್ನು ಐವತ್ತು ವರ್ಷ ಸರ್ಕಾರದ ಗುರಿಗಾಗಿ ಬಗ್ಗಿಸಿದ ಮೇಲೆ, ಈಗ ಜಾತಿಯ ಗುರಿಗಾಗಿ ಬಗ್ಗಿಸಲು ಹೊರಡುವುದರಲ್ಲಿ ಯಾವ ಧರ್ಮವಿದೆಯೋ!

ಗಂಡಸರ ವಿಷಯವನ್ನು ಧರ್ಮಪೀಠಗಳು ಮುಟ್ಟುವುದೇ ಇಲ್ಲ. ಗಂಡಸರಿಗೆ ಮಾಡುವ ಎನ್‌ಎಸ್‌ವಿ ಎಂಬ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆ ಕೊಯ್ಯುವುದಿಲ್ಲ, ಚರ್ಮಕ್ಕೆ ಒಂದು ಸಣ್ಣ ತೂತು ಸಾಕು, ಹೊಲಿಗೆಯೂ ಬೇಡ. ಮೂರು ತಿಂಗಳು ಎಚ್ಚರವಿದ್ದು ವೀರ್ಯ ಪರೀಕ್ಷೆ ಮಾಡಿಸಿಕೊಂಡರೆ ಆಯಿತು. ಅಪಾಯ ಹೆಂಗಸರ ಆಪರೇಶನ್ನಿಗಿಂತ ಎಷ್ಟೋ ಕಡಿಮೆ. ಸರ್ಕಾರ ಬಡ ಹೆಂಗಸಿಗೆ 600 ರೂಪಾಯಿ ಗೊತ್ತುಮಾಡಿದ್ದರೆ ಗಂಡಸಿಗೆ 1,100 ಇಟ್ಟಿತು. ಪ್ರತಿ ವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಇದರ ಪ್ರಚಾರಕ್ಕೆಂದೇ ಪಾಕ್ಷಿಕ ಆಚರಿಸುತ್ತದೆ. ಆದರೂ ಶಕ್ತಿ ಹೋಗುತ್ತದೆ, ಹೊಲದ ಕೆಲಸ ಆಗುವುದಿಲ್ಲ ಎಂಬ ನಂಬಿಕೆ ಅಲ್ಲಾಡಿಲ್ಲ. ಸಿಸೇರಿಯನ್ ಆಗಿ, ಅದರ ಜೊತೆಗೇ ಆಪರೇಶನ್ನೂ ಆಗಿ, ಕೆಲವು ತಿಂಗಳಲ್ಲಿ ಮೆಣಸಿನಕಾಯಿ ಬಿಡಿಸಲು ಹೊಲಕ್ಕಿಳಿಯುವ ಹೆಂಗಸರು ಕಣ್ಣೆದುರೇ ಇದ್ದರೂ.

ನಿಯಮಗಳ ಪುಸ್ತಕ ಅಷ್ಟೇನೂ ಕೆಟ್ಟದ್ದಲ್ಲ. 22ರಿಂದ 49 ವಯಸ್ಸಿನ, ಒಂದಾದರೂ ವರ್ಷ ತುಂಬಿದ ಮಗುವಿರುವ ವಿವಾಹಿತೆ ತಾನೇ ನಿರ್ಧರಿಸಬಹುದು. ಗಂಡನ ಸಹಿ ಬೇಕಿಲ್ಲ. ನೋವಿನಲ್ಲಿ, ಮಂಪರಿನಲ್ಲಿ ಇರುವಾಗ ಒಪ್ಪಿಗೆ ಪಡೆಯುವಂತಿಲ್ಲ. ಇದು ಶಾಶ್ವತವೆಂದೂ, ಕೆಲವೊಮ್ಮೆ ಸೋಲಬಹುದೆಂದೂ, ಕೊನೆಯ ಗಳಿಗೆಯಲ್ಲೂ ಬೇಡವೆನ್ನಬಹುದೆಂದೂ ಒಪ್ಪಿಗೆ ಪತ್ರದಲ್ಲೇ ಬರೆದಿದೆ. ಗರ್ಭಕೋಶದೊಳಗೆ ಇಡುವ ವಂಕಿ ಇದೆ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದಿದೆ, ವಾರದ ಛಾಯಾ ಮಾತ್ರೆ ಇದೆ. ಯಾವಾಗ ಬೇಕಾದರೂ ಬಿಡಬಹುದಾದವು ಇವು. ಶಿರಹಟ್ಟಿ, ಮುಂಡರಗಿಯ ತಾಲ್ಲೂಕು ಆಸ್ಪತ್ರೆಗಳಲ್ಲಾಗಲಿ, ಮಲ್ಲಸಮುದ್ರದ ಜಿಮ್ಸ್ ಆಸ್ಪತ್ರೆಯಲ್ಲಾಗಲಿ, ತಾಯಿ ಕಾರ್ಡ್ ಹಿಡಿದು ಏಳನೆಯ ತಿಂಗಳ ತಪಾಸಣೆಗೆ ಬಂದ ದಿನವೇ ಆ ಪತ್ರವನ್ನು ಗಂಡ ಹೆಂಡತಿ ಇಬ್ಬರ ಮುಂದೆ ಕನ್ನಡದಲ್ಲಿ ಓದಿ ಹೇಳಲು ಹತ್ತು ನಿಮಿಷ ಸಾಕು. ಸಹಿಯನ್ನು ಆಗ ಕೇಳಬೇಕಾಗಿಲ್ಲ. ಮುಂದಿನ ತಪಾಸಣೆಗೆ ಬಂದಾಗ ಇನ್ನೊಮ್ಮೆ ಕೇಳಿದರಾಯಿತು, ಗಂಡನನ್ನೂ ಅದೇ ಪ್ರಶ್ನೆ ಕೇಳಿ.